ಎಣಿಕೆಯ ಹಾಳೆ

"ಹತ್ತು ಒಳಗೆ ಹೋಗಿದೆ, ಹತ್ತು ಹೊರಗೆ ಬಂದಿದೆ. ಹಾಗಾದ್ರೆ ಹೊಟ್ಟೆಯೊಳಗೆ ಸಿಕ್ಕಿದ್ದು ಆಕಾಶದಿಂದ ಬಿತ್ತಾ?"

ವಕೀಲರು ಎಣಿಕೆಯ ಹಾಳೆಯ ನಕಲನ್ನು ಮೇಜಿನ ಮೇಲೆ ಬಡಿದರು. ಎದುರಿಗೆ ಇಬ್ಬರು ಕುಳಿತಿದ್ದರು: ಸತ್ತವಳ ಗಂಡ, ಸತ್ತವಳ ಅಕ್ಕ. ಗಂಡ ಹಾಳೆಯನ್ನೇ ದಿಟ್ಟಿಸಿದ. ಅಕ್ಕ ಅದರತ್ತ ಕಣ್ಣು ಹಾಯಿಸಲಿಲ್ಲ. ಈಚೆಗೆ ಅವಳಿಗೆ ಏನನ್ನು ನೋಡಿದರೂ ಏನೂ ಅನ್ನಿಸುತ್ತಿರಲಿಲ್ಲ.

ನಡೆದದ್ದು ಇಷ್ಟು. ತಂಗಿಯ ಗರ್ಭಕೋಶದಲ್ಲಿ ಗಡ್ಡೆ ಬೆಳೆದಿತ್ತು, ಆಪರೇಷನ್ ಆಯಿತು. ಹೊಟ್ಟೆ ತೆರೆದಾಗ ರಕ್ತ ಹೀರಲೆಂದು ಅಂಗೈಯಗಲದ ದಪ್ಪ ಬಟ್ಟೆಗಳನ್ನು ಒಳಗಿಡುತ್ತಾರೆ. ಅವಕ್ಕೆ ಮಾಪ್ ಎನ್ನುತ್ತಾರೆ. ಹೊಲಿಗೆ ಹಾಕುವ ಮುಂಚೆ ನರ್ಸ್ ಅವನ್ನೆಲ್ಲ ಎಣಿಸಿ ಬರೆಯಬೇಕು. ಬರೆದಿದ್ದಳು. ಆರು ವಾರ ಕಳೆದು, ತಂಗಿ ಜ್ವರದಲ್ಲಿ ಬೇಯುತ್ತಿದ್ದಾಗ, ಬೇರೊಂದು ಆಸ್ಪತ್ರೆಯವರು ಮತ್ತೆ ಹೊಟ್ಟೆ ತೆರೆದರು. ಒಂದು ಮಾಪ್ ಸಿಕ್ಕಿತು. ತಂಗಿ ಉಳಿಯಲಿಲ್ಲ.

"ನರ್ಸ್ ಎಣಿಸದೇನೇ ಬರೆದಿದ್ದಾಳೆ," ವಕೀಲರು ಹೇಳಿದರು. "ಬಂದದ್ದು ಒಂಬತ್ತು, ಬರೆದದ್ದು ಹತ್ತು. ಅಷ್ಟು ತೋರಿಸಿಬಿಟ್ರೆ ಮುಗೀತು. ಅವಳು ಇನ್ನು ಯಾವ ಆಸ್ಪತ್ರೆ ಮೆಟ್ಟಿಲೂ ಹತ್ತೋ ಹಾಗಿಲ್ಲ."

"ಹತ್ತಬಾರದು," ಎಂದ ಗಂಡ. "ನನಗೆ ಬೇರೇನೂ ಬೇಡ ಸಾರ್. ಯಾರ ಕೈಯಿಂದ ಆಯ್ತು ಅಂತ ಗೊತ್ತಾಗಬೇಕು, ಅಷ್ಟೆ."

ಅಕ್ಕ ಕರ್ಚೀಫನ್ನು ನಾಲ್ಕಾಗಿ ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. ವಕೀಲರು ಅವಳತ್ತ ತಿರುಗಿ ದನಿ ತಗ್ಗಿಸಿದರು.

"ನಿಮ್ಮ ಕಷ್ಟ ನನಗೆ ಅರ್ಥ ಆಗುತ್ತಮ್ಮಾ."

ಅವರಿಗೆ ಅರ್ಥವಾದದ್ದು ಇದು: ಅಕ್ಕ ಅದೇ ಆಸ್ಪತ್ರೆಯಲ್ಲಿ ಹತ್ತೊಂಬತ್ತು ವರ್ಷದಿಂದ ದುಡಿಯುತ್ತಿದ್ದಾಳೆ. ಒಗೆದು ಬಂದ ಚಾದರ, ಡಾಕ್ಟರರ ಹಸಿರು ಅಂಗಿ, ಆಪರೇಷನ್ನಿನ ಬಟ್ಟೆ, ಎಲ್ಲವನ್ನೂ ಮಡಚಿ ಕಟ್ಟಿ ಮೇಲಿನ ಮಹಡಿಗೆ ಕಳಿಸುವವಳು. ತಂಗಿಯನ್ನು ಅಲ್ಲಿಗೆ ಕರೆತಂದವಳೂ ಅವಳೇ. ಕೇಸು ಹಾಕಿದ ವಾರವೇ ಮ್ಯಾನೇಜರ್ ಕರೆಸಿ, "ಉಂಡ ಮನೆಗೆ ಎರಡು ಬಗೀತೀಯಾ?" ಎಂದು ಕೇಳಿದ್ದ. ಅವಳು ತುಟಿ ಎರಡು ಮಾಡಿರಲಿಲ್ಲ. ಆವತ್ತಿನಿಂದ ಎಲ್ಲರೂ ಅವಳ ಮೌನಕ್ಕೆ ಒಂದೇ ಕಾರಣ ಕೊಡುತ್ತಿದ್ದರು: ಪಾಪ, ಬಾಯಿ ಬಿಟ್ಟರೆ ಅನ್ನ ಹೋಗುತ್ತದೆ.

"ಕೋರ್ಟಲ್ಲಿ ನಿಮಗೆ ಎರಡೇ ಪ್ರಶ್ನೆ ಕೇಳ್ತೀನಿ. ಮನೆಗೆ ಬಂದ ಮೇಲೆ ನೋವು ಯಾವಾಗ ಶುರುವಾಯ್ತು? ಹೇಳಿದಾಗ ಆಸ್ಪತ್ರೆಯವರು ಏನಂದ್ರು?"

"ಕೇಳಿದ್ದಷ್ಟೇ ಹೇಳಬೇಕಾ?"

"ಅಷ್ಟೇ. ಜಾಸ್ತಿ ಯಾವತ್ತಿದ್ದರೂ ಅಪಾಯ."

ಅಕ್ಕ ಆಗ ತಲೆಯೆತ್ತಿ ಅವರ ಮುಖ ನೋಡಿದಳು. ಅವರು ಆಗಲೇ ಮುಂದಿನ ಕಕ್ಷಿದಾರನ ಫೈಲು ಬಿಚ್ಚುತ್ತಿದ್ದರು.

ಮೆಟ್ಟಿಲಿಳಿಯುವಾಗ ತಂಗಿಯ ಗಂಡ ನಕ್ಕ. ಎಷ್ಟೋ ದಿನದ ಮೇಲೆ. "ನಮ್ಮಕ್ಕ ಬಡಿಸಿದ್ರೆ ಒಂದು ತಟ್ಟೇಲಿ ಇಬ್ಬರ ಊಟ ಇರುತ್ತೆ ಅಂತಿದ್ಲು. ನೀವು ನೋಡದೇ ಇದ್ದಾಗ ಅರ್ಧ ನನ್ನ ತಟ್ಟೆಗೆ ಹಾಕ್ತಿದ್ಲು, ಗೊತ್ತಾ ಅಕ್ಕ?"

"ಗೊತ್ತಿತ್ತು," ಎಂದಳು ಅಕ್ಕ. ಅವನು ಕಣ್ಣೊರೆಸಿಕೊಂಡ. ಅವಳಿಗೆ ಅಳು ಬರಲಿಲ್ಲ. ಅಳು ಬರಬೇಕಾದ ಜಾಗದಲ್ಲಿ ಏನೂ ಇರಲಿಲ್ಲ, ಅದಕ್ಕೇ ಅವಳಿಗೆ ಭಯವಾಗಿತ್ತು.

ವಿಚಾರಣೆಯ ದಿನ ನರ್ಸ್ ಕಾರಿಡಾರಿನ ಬೆಂಚಿನ ಮೇಲೆ ಕುಳಿತಿದ್ದಳು. ಇಪ್ಪತ್ತಾರರ ಹುಡುಗಿ, ಆಸ್ಪತ್ರೆಯವರು ತಿಂಗಳಿಂದ ಮನೆಯಲ್ಲಿ ಕೂರಿಸಿದ್ದರು. ಅಕ್ಕನನ್ನು ಕಂಡದ್ದೇ ಓಡಿಬಂದು ಕೈ ಹಿಡಿದಳು.

"ಅಕ್ಕ, ನಿಮಗೆ ನನ್ನ ಕೆಲಸ ಗೊತ್ತಲ್ವಾ? ಎರಡು ಸಲ ಎಣಿಸಿದೆ, ಹತ್ತೇ ಬಂತು. ದೇವರಾಣೆ."

"ಗೊತ್ತು," ಎಂದಳು ಅಕ್ಕ. ಅಷ್ಟರಲ್ಲಿ ತಂಗಿಯ ಗಂಡ ಅವಳ ತೋಳು ಹಿಡಿದು ಎಳೆದುಕೊಂಡು ಹೋದ. ಅವಳ ಹತ್ತಿರ ಏನು ಮಾತು ಎಂದು ಗದರಿದ.

ವಕೀಲರು ಅಂದು ಒಳ್ಳೆಯ ಹುರುಪಿನಲ್ಲಿದ್ದರು.

"ಹೊರಗೆ ಬಂದದ್ದು?"

"ಹತ್ತು," ನರ್ಸ್ ಹೇಳಿದಳು.

"ಒಳಗೆ ಹೋದದ್ದು?"

"ಹತ್ತು. ಒಂದೇ ಕಟ್ಟು ತೆಗೆದುಕೊಂಡದ್ದು. ಬಂದ ತಕ್ಷಣ ಬರೆದುಕೊಂಡೆ."

"ಅಂದ್ರೆ ಉಳಿದದ್ದು ಸೊನ್ನೆ. ಆ ಸೊನ್ನೆಯನ್ನೇ ಇವರ ಹೆಂಡತಿಯ ಹೊಟ್ಟೆಯಿಂದ ತೆಗೆದರಲ್ಲ?"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನರ್ಸ್ ಬಿಕ್ಕಿದಳು. ಆಸ್ಪತ್ರೆಯ ಪರ ವಕೀಲ ಅವಳ ನೆರವಿಗೆ ಏಳಲಿಲ್ಲ. ತಪ್ಪು ನರ್ಸಿನ ತಲೆಗೆ ಕಟ್ಟಿದರೆ ಡಾಕ್ಟರರ ತಲೆ ಉಳಿಯುತ್ತದೆ. ಅವನಿಗೂ ಅದು ಹಿತವಾಗಿಯೇ ಇತ್ತು.

ಆಮೇಲೆ ಅಕ್ಕನನ್ನು ಕರೆದರು. ಎರಡು ಪ್ರಶ್ನೆ, ಎರಡು ಉತ್ತರ. ಹನ್ನೆರಡನೆಯ ದಿನ ನೋವು ಶುರುವಾಯಿತು. ಗ್ಯಾಸ್ ಇರಬೇಕು ಎಂದರು. ವಕೀಲರು "ಇಷ್ಟೇ" ಎಂದು ಕುಳಿತರು. ಅಕ್ಕ ಕೆಳಗಿಳಿಯಲಿಲ್ಲ.

"ಇನ್ನೇನಾದರೂ ಹೇಳೋದಿದೆಯೇನಮ್ಮಾ?" ನ್ಯಾಯಾಧೀಶರು ಕೇಳಿದರು.

ತಂಗಿಯ ಗಂಡ ಧೈರ್ಯ ತುಂಬುವಂತೆ ಅವಳತ್ತ ತಲೆಯಾಡಿಸಿದ: ಹೇಳಿ ಅಕ್ಕ, ಕೆಲಸ ಹೋದರೆ ಹೋಗಲಿ. ನರ್ಸ್ ಮುಖ ಮುಚ್ಚಿಕೊಂಡಿದ್ದಳು.

"ಆ ಹುಡುಗಿ ಸರಿಯಾಗೇ ಎಣಿಸಿದ್ದಾಳೆ," ಅಕ್ಕ ಹೇಳಿದಳು. ಅವಳ ದನಿಯಲ್ಲಿ ಏರಿಳಿತವಿರಲಿಲ್ಲ. "ಹೊರಗೆ ಬಂದದ್ದು ಹತ್ತೇ. ಒಳಗೆ ಹೋಗುವಾಗ ಯಾರೂ ಬಿಚ್ಚಿ ಎಣಿಸಲ್ಲ. ಕಟ್ಟು ಅಂದ್ರೆ ಹತ್ತು ಅಂತಲೇ ಬರೀತಾರೆ. ಹತ್ತೊಂಬತ್ತು ವರ್ಷದಲ್ಲಿ ನನ್ನ ಕಟ್ಟು ಒಂದು ಸಲವೂ ತಪ್ಪಿಲ್ಲ, ಅದಕ್ಕೇ."

ವಕೀಲರು ಎದ್ದು ನಿಂತರು. "ಅಮ್ಮಾ, ಸಾಕು. ಇಳೀರಿ."

"ನನ್ನ ತಂಗಿಗಲ್ವಾ, ಸಾಲದೆ ಬರಬಾರದು ಅಂತ, ಆವತ್ತು ಆ ಕಟ್ಟಿಗೆ ಹನ್ನೊಂದು ಹಾಕಿದ್ದೆ."