ಹೆಂಡತಿಯ ಪಾತ್ರ

ವಿಚ್ಛೇದನ ಬೇಕೆಂದು ಬಂದ ಎಲ್ಲರಂತೆ ವಾದಿರಾಜ, ಮಂದಾಕಿನಿಯರೂ ಕೋರ್ಟಿನ ಮೇಜಿನ ಮುಂದೆ ಕೂತು ಮೂರು ಮಧ್ಯಾಹ್ನ ಪಾತ್ರ ಅದಲುಬದಲಿನ ದಾಳದಾಟ ಆಡಬೇಕಿತ್ತು. ಗಂಡನಿಗೆ ಹೆಂಡತಿಯ ಪಾತ್ರ, ಹೆಂಡತಿಗೆ ಗಂಡನ ಪಾತ್ರ. ವಾದಿರಾಜನಿಗೆ ನಿಯಮದ ಪುಸ್ತಕ ಬಾಯಿಪಾಠ. ಮಂದಾಕಿನಿ ದಾಳ ಎತ್ತಿದಾಗಲೆಲ್ಲ ತಿದ್ದುತ್ತ, ಆಟ ನಡೆಸುವ ಸರೋಜಾಬಾಯಿಯವರಿಂದ ಎರಡು ದಿನವೂ ಬೈಸಿಕೊಂಡಿದ್ದ.

ಮೂರನೆಯ ದಿನದ ಆಟದಲ್ಲಿ ಮನೆಗೆ ನೆಂಟರು ಬಂದಿದ್ದರು. ಇಬ್ಬರು ಗುಮಾಸ್ತರೇ ನೆಂಟರಾಗಿ ಕೂತಿದ್ದರು.

ವಾದಿರಾಜ ಹೆಂಡತಿಯಾಗಿ ಶುರು ಮಾಡಿದ. "ನಾವು ಮಂಗಳವಾರ ಗೋಕರ್ಣಕ್ಕ ಹೋದಾಗ..."

"ಮಂಗಳವಾರ ಅಲ್ಲ, ಬುಧವಾರ," ಎಂದಳು ಗಂಡನಾದ ಮಂದಾಕಿನಿ. "ಇಕಿಗೆ ಏನೂ ನೆನಪಿರಂಗಿಲ್ಲ. ಬಿಡು, ನಾ ಹೇಳ್ತೀನಿ."

ಅವರು ಗೋಕರ್ಣಕ್ಕೆ ಹೋದದ್ದು ಮಂಗಳವಾರವೇ. ವಾದಿರಾಜ ತಿದ್ದಲು ಬಾಯಿ ತೆರೆದ.

"ನಿಮಗ ಗೊತ್ತದ, ಖರೆ," ಎಂದರು ಸರೋಜಾಬಾಯಿ. "ಆದರ ಈಗ ನಿಮ್ಮ ಮನಿಯವರು ಏನು ಮಾಡ್ತಿದ್ರು, ಅದನ್ನ ಆಡ್ರಿ."

ಪಾತ್ರ ಮಾಡದ್ದನ್ನು ಆಟಗಾರ ಮಾಡುವಂತಿಲ್ಲ. ಪುಸ್ತಕದ ಮೊದಲ ನಿಯಮವೇ ಅದು. ಹನ್ನೊಂದು ವರ್ಷ ಇಂಥ ಹೊತ್ತಿನಲ್ಲಿ ಅವಳು ಮಾಡುತ್ತಿದ್ದದ್ದು ಒಂದೇ.

"ಚಹಾ ತರ್ತೀನಿ," ಎಂದು ಅವನು ಎದ್ದ.

ಹಿಂದಿನಿಂದ ಅವನದೇ ಧಾಟಿಯಲ್ಲಿ ಕಥೆ ಮುಂದುವರಿಯಿತು. ನೆಂಟರು ನಕ್ಕರು. ಬಾಗಿಲ ಬಳಿ ಅವನು ತುಸು ಹೊತ್ತು ನಿಂತ. ಯಾರೂ ತಿರುಗಿ ನೋಡಲಿಲ್ಲ.