ಮೂಲೆಯಲ್ಲಿ ಮೂಡದ ಅಕ್ಷರ

"ಅಕ್ಕಾ, ಇಲ್ಲೊಂದು ಸಹಿ ಮಾಡಿಬಿಡು" ಎಂದು ಪ್ರತೀಕ ಪೆನ್ನಿನ ಕ್ಯಾಪು ತೆಗೆದು ಶುಭಾಂಗಿಯ ಕೈಗಿಟ್ಟ. ಗಡಹಿಂಗ್ಲಜದ ಕಬ್ಬಿನ ಹೊಲದಲ್ಲಿ ತನ್ನ ಪಾಲು ಬೇಡವೆಂದು ತಮ್ಮನಿಗೆ ಬರೆದುಕೊಡುವ ಹಕ್ಕಸೋಡ ಪತ್ರ ಅದು. ಸೋದರತ್ತೆಯರೆಲ್ಲ ತಮ್ಮ ಪಾಲನ್ನು ಅಪ್ಪನಿಗೆ ನಗುತ್ತಲೇ ಬರೆದುಕೊಟ್ಟಿದ್ದರು. ಅದಕ್ಕೇ ಅವರಿಗೆ ತವರಿನ ಬಾಗಿಲು ಇನ್ನೂ ತೆರೆದಿತ್ತು.

ಅವಳಿಗೆ ಆ ಹಳೆಯ ಗೇಮ್ ನೆನಪಾಯಿತು. ಇಚಲಕರಂಜಿಯ ಇದೇ ಕೋಣೆಯಲ್ಲಿ ಇಬ್ಬರೂ ಒಂದೇ ಕಂಪ್ಯೂಟರಿನಲ್ಲಿ ಆಡುತ್ತಿದ್ದರು. ಆಟದ ಜೊತೆಗಾರ ಯೋಧನಿಗೆ ಅವಳು ಏನು ಉತ್ತರ ಕೊಟ್ಟರೂ ಪರದೆಯ ಮೂಲೆಯಲ್ಲಿ 'ಮೆಚ್ಚಿದ' ಅಥವಾ 'ಮೆಚ್ಚಲಿಲ್ಲ' ಎಂದು ಮೂಡುತ್ತಿತ್ತು. "ಅಂವಗ ಸಿಟ್ಟು ಬರೂ ಉತ್ತರ ಒತ್ತಬ್ಯಾಡ ಅಕ್ಕಾ, ಕಡೀ ಯುದ್ಧದಾಗ ಬಿಟ್ಟು ಹೋಗ್ತಾನ" ಎಂದು ತಮ್ಮ ಅವಳ ಕೈ ಹಿಡಿಯುತ್ತಿದ್ದ. ಅಂಥ ಉತ್ತರವನ್ನು ಅವಳು ಒಮ್ಮೆಯೂ ಒತ್ತಿರಲಿಲ್ಲ.

"ಮೊದಲ ಊಟಾ ಮಾಡ್ರಿ, ಹೊತ್ತು ಮುಳಗಾಕತ್ತೈತಿ" ಎಂದು ಅವ್ವ ಎರಡು ತಾಟು ತಂದಿಟ್ಟಳು. ಸೂರ್ಯ ಮುಳುಗಿದ ಮೇಲೆ ಆ ಜೈನರ ಮನೆಯಲ್ಲಿ ಬೆಳಗಿನವರೆಗೆ ಯಾರೂ ತುತ್ತು ಮುಟ್ಟುವುದಿಲ್ಲ.

ಶುಭಾಂಗಿ ಪೆನ್ನಿಗೆ ಕ್ಯಾಪು ಹಾಕಿದಳು. "ನಾ ಸಹಿ ಮಾಡೂದಿಲ್ಲೋ. ನನಗೂ ಒಬ್ಬಾಕಿ ಮಗಳದಾಳ."

ಪ್ರತೀಕ ಬೈಯಲಿಲ್ಲ, ಯಾಕೆ ಎಂದೂ ಕೇಳಲಿಲ್ಲ. ಅವನ ಮುಖದ ಯಾವ ಮೂಲೆಯಲ್ಲೂ ಏನೂ ಮೂಡಲಿಲ್ಲ. ಅವಳು ತಾಟನ್ನು ಅವನತ್ತ ಸರಿಸಿದಳು. "ಉಣ್ಣೋ ತಮ್ಮಾ."

ಅವನು ರೊಟ್ಟಿ ಮುಟ್ಟದೆ ಕಿಟಕಿಯತ್ತಲೇ ನೋಡುತ್ತ ಕುಳಿತ, ಸೂರ್ಯ ಪೂರ್ತಿ ಮುಳುಗುವವರೆಗೆ.