ಶಿಗೆಜೋನ ಹಾಡು

ಬಾರಿನ ಕರೋಕೆ ಪರದೆಯ ಮೇಲೆ ‘ಕಿಟಕಿಯ ದೀಪ’ ಎಂದು ಹಾಡಿನ ಹೆಸರು ಮೂಡಿದ್ದೇ ತಡ, ಮುದುಕ ಗೊಂದಾ ಬಿಯರ್ ಗ್ಲಾಸನ್ನು ಕುಕ್ಕಿ ಎದ್ದು ನಿಂತ.

"ಏಯ್, ಯಾರು ಈ ಹಾಡು ಒತ್ತಿದ್ದು?"

"ನಾನೇ," ಎಂದಳು ಕೌಂಟರಿನ ತುದಿಯಲ್ಲಿ ಕುಳಿತಿದ್ದ ಅಪರಿಚಿತ ಹುಡುಗಿ. ಮೈಕು ಆಗಲೇ ಅವಳ ಕೈಯಲ್ಲಿತ್ತು. "ಯಾಕೆ, ತಪ್ಪಾಯ್ತಾ?"

"ತಪ್ಪಾ? ಮೊದಲು ನಿಲ್ಲಿಸು ಅದನ್ನ!"

ಅವನ ಪಕ್ಕದಲ್ಲಿದ್ದ ಹಿಸಾನೊ ಕೈ ಚಾಚಿ ಹಾಡಿನ ಯಂತ್ರ ನಿಲ್ಲಿಸಿಯೇಬಿಟ್ಟಳು.

ತಪ್ಪು ಹುಡುಗಿಯದಲ್ಲ, ಪಾಪ. ಉತ್ತರದ ಕುಶಿರೊ ಬಂದರಿನ ಈ ಬಾರಿನ ಕಟ್ಟುಪಾಡು ಹೊರಗಿನವರಿಗೆ ಹೇಗೆ ಗೊತ್ತಾಗಬೇಕು? ಮಧ್ಯಾಹ್ನ ಬಾಗಿಲು ತೆರೆದರೆ ಸಾಕು, ಇಲ್ಲಿ ಕಿರಿಶಿಮಾ ರುಯಿಯ ಹಾಡುಗಳೇ. ಆ ಪಾಪ್ ಗಾಯಕಿಯೆಂದರೆ ಈ ಊರಿನ ಮುದುಕರಿಗೆ ಪ್ರಾಣ. ಎಷ್ಟು ಪ್ರಾಣವೆಂದರೆ, ಹೊಲ ಹಂಚಿಕೊಂಡ ಅಣ್ಣತಮ್ಮಂದಿರ ಹಾಗೆ ಅವಳ ಹಾಡುಗಳನ್ನು ತಮ್ಮತಮ್ಮಲ್ಲೇ ಹಂಚಿಕೊಂಡುಬಿಟ್ಟಿದ್ದರು. ರೈಲಿನ ಹಾಡು ಗೊಂದಾನದು. ಕೊಡೆಯ ಹಾಡು ಕ್ಷೌರದಂಗಡಿಯ ಹಿಸಾನೊಳದು. ಒಬ್ಬರ ಹಾಡನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಮುಟ್ಟಿದರೆ ವಾರಗಟ್ಟಲೆ ಮಾತಿಲ್ಲ, ಕತೆಯಿಲ್ಲ.

‘ಕಿಟಕಿಯ ದೀಪ’ ಶಿಗೆಜೋನದು. ಶಿಗೆಜೋ ಬಾರಿನ ಒಡತಿ ಯುಕಿಯೆಯ ಗಂಡ, ಮೀನುಗಾರ.

ಅವನು ಹಾಡುವ ರೀತಿಗೆ ಇಡೀ ಬಾರು ನಗುತ್ತಿತ್ತು. ಎರಡನೆಯ ಚರಣದಲ್ಲಿ ‘ಯುಕಿ ಯೊ, ಇನ್ನೊಂದು ರಾತ್ರಿ ತಾಳು’ ಎಂಬ ಸಾಲಿದೆ. ಯುಕಿ ಎಂದರೆ ಹಿಮ, ‘ಯೊ’ ಎಂಬುದು ಕರೆಯುವ ದನಿ. ಹಿಮವೇ, ಈಗಲೇ ಬೀಳಬೇಡ ಎಂದು ರುಯಿ ಬೇಡಿಕೊಳ್ಳುತ್ತಾಳೆ. ಈ ಪುಣ್ಯಾತ್ಮನೋ, ಬಾಗಿಲು ತಟ್ಟುವವನಂತೆ ಕೌಂಟರಿನ ಹಲಗೆಯನ್ನು ಎರಡು ಸಲ ತಟ್ಟಿ, ಹೆಂಡತಿಯ ಮುಖ ನೋಡಿ, ‘ಯುಕಿಯೆ, ಇನ್ನೊಂದು ರಾತ್ರಿ ತಾಳು’ ಎನ್ನುತ್ತಿದ್ದ. ಹಿಮ ಹೋಗಿ ಹೆಂಡತಿ ಬಂದಳು! "ಥೂ, ನಾಚಿಕೆಗೆಟ್ಟವನೇ!" ಎಂದು ಗೊಂದಾ ಅವನ ಮೇಲೆ ಹುರಿಗಾಳು ಎಸೆಯುತ್ತಿದ್ದ. ಯುಕಿಯೆ ಮುಖ ಕೆಂಪಗೆ ಮಾಡಿಕೊಂಡು ಒಳಗೆ ಓಡುತ್ತಿದ್ದಳು.

ಒಂದು ಚಳಿಗಾಲ ಅವನಿದ್ದ ದೋಣಿ ಮುಳುಗಿತು. ಉಳಿದವರ ಹೆಣಗಳು ಸಿಕ್ಕವು, ಶಿಗೆಜೋನದು ಸಿಗಲಿಲ್ಲ. ದೇವಾಲಯದ ಅಂಗಳದಲ್ಲಿ ಸತ್ತವರ ಹೆಸರಿನ ಕಲ್ಲು ನಿಲ್ಲಿಸುವಾಗ ಯುಕಿಯೆ ಗಂಡನ ಹೆಸರು ಕೆತ್ತಲು ಬಿಡಲಿಲ್ಲ. "ಹೆಣ ತೋರಿಸಿ, ಆಮೇಲೆ ಕೆತ್ತಿ," ಎಂದಳು. ಮರುಮದುವೆಯ ಮಾತು ತಂದವರನ್ನು ಹೊಸ್ತಿಲಲ್ಲೇ ಕಳಿಸಿದಳು. ಅವನ ಹಾಡನ್ನೂ ಹಾಗೇ ಎತ್ತಿಟ್ಟಳು. ಬೇರೆ ಯಾರಾದರೂ ಅದನ್ನು ಇಲ್ಲಿ ಹಾಡಿದ ದಿನ ತನ್ನ ಗಂಡ ಸತ್ತನೆಂದೇ ಲೆಕ್ಕ ಎಂದು ಎಲ್ಲರೆದುರು ಹೇಳಿದ್ದಳು. ಕೂದಲು ನೆರೆಯಿತು. ಹಾಡು ಹಾಗೇ ಉಳಿಯಿತು.

"ನೀನು ಹುಟ್ಟೋಕೆ ಮುಂಚೆನೇ ಈ ಹಾಡು ಇಲ್ಲಿ ನಿಂತುಹೋಗಿದೆ, ತಿಳೀತಾ?" ಎಂದ ಗೊಂದಾ. "ಇದಕ್ಕೆ ಒಡೆಯ ಇದ್ದಾನೆ."

ಹುಡುಗಿ ನಕ್ಕುಬಿಟ್ಟಳು. ದಕ್ಷಿಣದ ಶಿಮೊನೊಸೆಕಿಯಿಂದ ಮೀನಿನ ಲಾರಿ ಓಡಿಸಿಕೊಂಡು ಬಂದವಳು. ಲೋಡಾಗುವ ತನಕ ಹೊತ್ತು ಕಳೆಯಲು ಒಳಗೆ ಬಂದಿದ್ದಳು.

"ಒಡೆಯನಾ? ನಮ್ಮನೇಲಿ ಇದು ನನ್ನ ಹಾಡು ತಾತ. ಯಾರಿಗೂ ಬಿಟ್ಟುಕೊಡಲ್ಲ."

"ಬಾಯಿ ನೋಡು ಇದರದ್ದು!"

"ಬಿಡಿ ಗೊಂದಾವ್ರೇ." ಯುಕಿಯೆ ಗ್ಲಾಸು ಒರೆಸುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟಳು. "ಹಾಡಲಿ."

"ಅಕ್ಕಾ, ನೀವೇ ಅಲ್ವಾ ಹೇಳಿದ್ದು..." ಎಂದ ಗೊಂದಾ.

"ಹೇಳಿದ್ದೆ. ಇನ್ನು ನನ್ನ ಕೈಲಿ ಆಗಲ್ಲ. ಬಾಗಿಲು ಸದ್ದಾದಾಗಲೆಲ್ಲ ತಲೆ ಎತ್ತಿ ಎತ್ತಿ ಕತ್ತು ಸೋತುಹೋಗಿದೆ. ಹಾಡಮ್ಮಾ ನೀನು."

ಸಂಗೀತ ಮತ್ತೆ ಶುರುವಾಯಿತು. ಹುಡುಗಿಯದು ಒರಟು ದನಿ. ಆದರೆ ಮನಸ್ಸಿಟ್ಟು ಹಾಡುತ್ತಿದ್ದಳು. ಮೊದಲ ಚರಣ ಮುಗಿಯುವಷ್ಟರಲ್ಲಿ ಯುಕಿಯೆ ಬಿಕ್ಕಿಬಿಕ್ಕಿ ಅಳತೊಡಗಿದ್ದಳು. ಹಿಸಾನೊ ಅವಳ ಬೆನ್ನು ಸವರಿದಳು. ಆದರೂ ಇಷ್ಟು ವರ್ಷಗಳಲ್ಲಿ ಮೊದಲ ಸಲ ಅವಳಿಗೆ ಎದೆ ಹಗುರವಾಯಿತು. ಸತ್ತನೆಂದು ಒಪ್ಪಿಕೊಂಡರೆ ಅವನಿಗೆ ಧೂಪ ಹಚ್ಚಬಹುದು, ಎಡೆ ಇಡಬಹುದು, ಮನಸಾರೆ ಅಳಬಹುದು. ಕಾಯುವವಳಿಗೆ ಅದ್ಯಾವುದೂ ಇರಲಿಲ್ಲ.

"ಕಲ್ಲು ಕೆತ್ತೋರಿಗೆ ನಾಳೆನೇ ಹೇಳಿಬಿಡಿ," ಎಂದಳು ಗೊಂದಾನಿಗೆ. "ನಮ್ಮನೆಯವರ ಹೆಸರೂ ಸೇರಿಸಲಿ. ಪಾಪ, ಇನ್ನೆಷ್ಟು ಕಾಲ ಅವರನ್ನ ಆ ತಣ್ಣೀರಲ್ಲೇ ಇಟ್ಟಿರಲಿ?"

ಗೊಂದಾ ತಲೆಯಾಡಿಸಿದ.

ಎರಡನೆಯ ಚರಣ ಬಂತು. ಹುಡುಗಿ ಪರದೆಯ ಕಡೆ ನೋಡಲೇ ಇಲ್ಲ. ಕಣ್ಣು ಮುಚ್ಚಿಕೊಂಡು, ಕೌಂಟರಿನ ಹಲಗೆಯನ್ನು ಎರಡು ಸಲ ತಟ್ಟಿದಳು.

"ಯುಕಿಯೆ, ಇನ್ನೊಂದು ರಾತ್ರಿ ತಾಳು..."

ಹಿಸಾನೊಳ ಕೈ ಯುಕಿಯೆಯ ಬೆನ್ನ ಮೇಲೆ ಹಾಗೇ ನಿಂತಿತು. ಹಾಡು ಮುಗಿಯಿತು. ಯಂತ್ರ ಹಾಡಿಗೆ ಕೊಟ್ಟ ಅಂಕ ತೋರಿಸಿತು.

"ಅದು ‘ಯುಕಿ ಯೊ’ ಅಲ್ವೇನಮ್ಮಾ?" ಎಂದಳು ಯುಕಿಯೆ.

"ಅಯ್ಯೋ, ಕ್ಷಮಿಸಿ ಅಮ್ಮಾ!" ಹುಡುಗಿ ನಾಚಿ ನಕ್ಕಳು. "ಯುಕಿಯೆ ಅನ್ನೋದು ನನ್ನ ಹೆಸರು. ನಮ್ಮಪ್ಪ ಯಾವಾಗಲೂ ಹೀಗೇ ಹಾಡೋದು, ನಿನ್ನೆ ಫೋನಲ್ಲೂ ಹಾಡಿದ್ರು."